ಹನ್ನೆರಡು ತಾಸು

ಹೊರಗೆ ನಲವತ್ನಾಲ್ಕು. ಒಳಗೆ, ಆರು ಗಾಜಿನ ಪಾತ್ರೆಗಳಲ್ಲಿ,
ಮೂವತ್ತೇಳು. ಅರ್ಧ ಡಿಗ್ರಿಗಿಂತ ಆಚೀಚೆ ಆಗುವಂತಿಲ್ಲ.
ಕಲಬುರಗಿಯ ಮೇ ತಿಂಗಳಲ್ಲಿ, ಸೇಡಂ ರಸ್ತೆಯ ಈ ಕಾಲೇಜಿನಲ್ಲಿ
ತಂಪಾಗಿರುವುದು ನನ್ನ ಈ ಸುಳ್ಳು ಹೊಟ್ಟೆಗಳು ಮಾತ್ರ.

ಮೊದಲೆರಡು ತಾಸು ಹುಳಿನೀರು, ಅದು ಜಠರ.
ಆಮೇಲೆ ಉಪ್ಪುನೀರು, ಅದು ಕರುಳು.
ತಳದಲ್ಲೊಂದು ಮಾತ್ರೆ. ಮೇಲೊಂದು ಕಡಗೋಲು,
ನಿಮಿಷಕ್ಕೆ ಐವತ್ತು ಸುತ್ತು.
ತಾಸಿಗೊಮ್ಮೆ ಲಾಡ್ಲೇಸಾಬ್ ಪಿಪೆಟ್ಟು ಇಳಿಸಿ
ಐದು ಮಿಲಿ ತೆಗೆಯುತ್ತಾನೆ, ಐದು ಮಿಲಿ ತುಂಬುತ್ತಾನೆ.
ತೆಗೆದದ್ದು ಹೊಟ್ಟೆಗೆ ಗೊತ್ತಾಗಬಾರದು.
ಇಪ್ಪತ್ತೆರಡು ವರ್ಷ. ಒಂದು ಹನಿ ಚೆಲ್ಲಿಲ್ಲ.

ನನ್ನ ಬಂಡವಾಳ ಹುಣಸೆಬೀಜ.
ಸುರಪುರದ ಕಡೆ ನಮ್ಮಜ್ಜಿ ಅದನ್ನು ಹುರಿದು ಸಿಪ್ಪೆ ಬಿಡಿಸಿ
ನೆನೆಹಾಕಿ ಬೀಸಿ ಕುದಿಸಿ
ಕಂಬಳಿಯ ನೂಲಿಗೆ ಗಂಜಿ ಉಣಿಸುತ್ತಿದ್ದಳು.
ಕಪ್ಪು ನೂಲು ಬಿಸಿಲಿಗೆ ಸೆಟೆದು ನಿಲ್ಲುತ್ತಿತ್ತು.
‘ಮಳಿ ಒಳಗ ಬರಬೇಕಂದ್ರ ಕೇಳಿ ಬರಬೇಕು’ ಅನ್ನುತ್ತಿದ್ದಳು.
ಆ ಒಂದು ಮಾತಿಗೆ ನಾನು ಪಿಎಚ್‌ಡಿ ಮಾಡಿದೆ.
ನೀರು ತಾಗಿದರೆ ಹುಣಸೆಯ ಅಂಟು ಉಬ್ಬಿ ಬಾಗಿಲು ಕಿರಿದಾಗುತ್ತದೆ.
ಒಳಗಿನ ಔಷಧಿ ನುಗ್ಗುವಂತಿಲ್ಲ,
ರೇಶನ್ ಅಂಗಡಿಯ ಪಾಳಿಯ ಹಾಗೆ
ಒಬ್ಬೊಬ್ಬರಾಗಿ, ಹನ್ನೆರಡು ತಾಸು.

ಹೈದರಾಬಾದಿನ ಕಂಪನಿಯವರು ಎರಡು ಸಲ ಕರೆಸಿದರು, ಚಹಾ ಕೊಟ್ಟರು.
‘ಈ ಮರದ ಅಂಟು ಆ ಮರದ್ದರ ಹಾಗಿಲ್ಲವಲ್ಲ, ಬೀರಮ್ಮ ಮೇಡಂ?’
ನಿಜ. ಮರಗಳಿಗೆ ನಾನೇನು ಹೇಳಲಿ?
ಮೂವತ್ತೊಂದು ಪ್ರಬಂಧ.
ಅಂಗಡಿ ಕಂಡ ಮಾತ್ರೆ ಒಂದೂ ಇಲ್ಲ.

ಹೋದ ಚಳಿಗಾಲ ಲಾಡ್ಲೇಸಾಬ್ ಮೂರು ದಿನ ಬರಲಿಲ್ಲ.
ಖೈರೂನ್‌ಬೀಗೆ ದಮ್ಮು. ಡಾಕ್ಟರು ಕೊಟ್ಟದ್ದು
ಯಾರದೋ ಕಂಪನಿಯ ಮಾತ್ರೆ, ನಿಧಾನದ್ದೇ, ಹನ್ನೆರಡು ತಾಸಿನದೇ.
ಗಂಟಲಲ್ಲಿ ಇಳಿಯಲಿಲ್ಲ ಅಂತ ಇವನು
ಒರಳಲ್ಲಿ ಹಾಕಿ ಕುಟ್ಟಿ ಬೆಲ್ಲದಲ್ಲಿ ಕಲಸಿ ತಿನ್ನಿಸಿದ್ದಾನೆ.
ಇಡೀ ಹಗಲಿನದು ಒಂದೇ ಗಳಿಗೆಗೆ ಒಳನುಗ್ಗಿತು.
ಎದೆ ಟಾಂಗಾದ ಕುದುರೆ. ಕೈ ನಡುಕ. ವಾಂತಿ.
ರಾತ್ರಿ ಎರಡಕ್ಕೆ ದವಾಖಾನೆ.

ಬದುಕಿದಳು. ನಾನು ಬೈದೆ.
‘ಇಪ್ಪತ್ತೆರಡು ವರ್ಷ ಕಣ್ಣಾರೆ ನೋಡಿ, ಕುಟ್ಟಿದೆಲ್ಲ!’
ಅವನು ಪಿಪೆಟ್ಟು ತೊಳೆಯುತ್ತಿದ್ದವನು ನಲ್ಲಿ ನಿಲ್ಲಿಸಿದ.
‘ತೆಗಿ ಅಂದ್ರಿ, ತೆಗದೆ. ಹಾಕು ಅಂದ್ರಿ, ಹಾಕ್ದೆ.
ಯಾಕಂತ ಯಾವಾಗ ಹೇಳೀರಿ, ಮೇಡಂ?’

ಕಡಗೋಲುಗಳು ತಿರುಗುತ್ತಿದ್ದವು.
ಶಹಾಬಾದಿ ಕಲ್ಲಿನ ಕಟ್ಟೆಗೆ ಮೊಣಕೈ ಊರಿ
ಎಷ್ಟೋ ಹೊತ್ತು ನಿಂತೆ.

ಆಮೇಲೆ ನಾವಿಬ್ಬರೂ ಚೀಟಿ ಬರೆದೆವು:
ಕುಟ್ಟಬ್ಯಾಡ್ರಿ, ಮುರೀಬ್ಯಾಡ್ರಿ, ಇಡೀದು ನುಂಗ್ರಿ.
ಕೆಳಗೆ ಅವನ ಉರ್ದು, ಅಕ್ಷರ ನನ್ನದಕ್ಕಿಂತ ಚಂದ.
ಸ್ಟೇಷನ್ ಬಜಾರಿನ ಒಂದು ಮೆಡಿಕಲ್‌ನವನು ಅಂಟಿಸಿಕೊಂಡ.
ಉಳಿದವರು ಜಾಗ ಇಲ್ಲ ಅಂದರು.

ಖೈರೂನ್‌ಬೀ ಚೀಟಿ ಓದಿಸಿಕೊಂಡು ಕೇಳಿದಳು:
‘ನುಂಗ್ಲಾಕೇ ಬರಲ್ದವ್ರು ಏನ್ ಮಾಡ್ಬೇಕು?’

ನಿವೃತ್ತಿಗೆ ಹದಿನಾಲ್ಕು ತಿಂಗಳು.
ಈಗ ಸಾಸಿವೆಯಷ್ಟು ಕಾಳು ಕಟ್ಟುತ್ತಿದ್ದೇನೆ,
ಒಂದೊಂದಕ್ಕೂ ಅದರದೇ ಕಂಬಳಿ,
ಜೋಳದ ಅಂಬಲಿಯಲ್ಲಿ ಉದುರಿಸಿ ಕುಡಿದರೆ ಸಾಕು ಅನ್ನುವ ಹಾಗೆ.
ಎರಡು ಸಲ ಕಟ್ಟಿದ್ದು ಅಂಬಲಿಯಲ್ಲೇ ಒಡೆದುಹೋಯಿತು.
ಹುಳಿ ಹೆಚ್ಚು ಅಂದ ಲಾಡ್ಲೇಸಾಬ್, ನಾನು ಕೇಳುವ ಮೊದಲೇ.

ಮೊನ್ನೆ ನಾಲ್ಕನೇ ತಾಸಿಗೆ
ಅವನ ಕೈಯಿಂದ ಮೊದಲ ಸಲ ಮಾದರಿ ಚೆಲ್ಲಿತು.
ಅರ್ಧಕ್ಕೇ ತಿರುಗಿ ನಿಂತು
ಏನೋ ಕೇಳುತ್ತಿದ್ದ.