ಐದು ಮೀಟರ್ ದೂರ

ಏಳು ದಿನ ಬರೀ ನೀರು ನೋಡಿದವರು
ಎಂಟನೆಯ ದಿನ ನಮ್ಮನ್ನು ನೋಡಿದರು.
ಬೆಳಿಗ್ಗೆ ಆರೂವರೆಗೆ ಮೋಡ ತುಸು ಮೇಲೆದ್ದಾಗ
ಬಂದರಿನಾಚೆ ಬಿಳಿ ಹಡಗೊಂದು
ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಕುಣಿಯುತ್ತಿತ್ತು.

ನಾನು ವಿನಿಫ್ರೆಡ್. ಟ್ರಿಸ್ಟನ್ನಿನ ರೇಡಿಯೊ ಕೋಣೆ ನನ್ನದು,
ಅಂಚೆ ಕಚೇರಿಯೂ ನನ್ನದೇ,
ಮಂಗಳವಾರ ಮಧ್ಯಾಹ್ನ ಮಕ್ಕಳ ಲೈಬ್ರರಿಯೂ.
ಇನ್ನೂರ ಚಿಲ್ಲರೆ ಜನರ ಊರಲ್ಲಿ
ಒಬ್ಬೊಬ್ಬರು ಮೂರು ಮೂರು ಟೋಪಿ ಹಾಕದಿದ್ದರೆ
ತಲೆಗಳು ಸಾಲುವುದಿಲ್ಲ.

"ಇಳಿಯಬಹುದೇ?" ಕೇಳಿತು ಹಡಗು.
ಕ್ಲೆಮ್ ಬಂದರಿನ ಗೋಡೆಯ ಮೇಲೆ ನಿಂತು
ಅಲೆ ಎಣಿಸಿ ತಲೆಯಲ್ಲಾಡಿಸಿದ.
"ಸದ್ಯಕ್ಕೆ ಬೇಡ" ಅಂದೆ.
ಸದ್ಯ ಅಂದರೆ ಇಲ್ಲಿ
ಒಂದು ಗಂಟೆಯೂ ಹೌದು, ಮುಂದಿನ ವರ್ಷವೂ ಹೌದು.

ನಲವತ್ತೆಂಟು ಮಂದಿ. ಎಲ್ಲರ ಕೈಯಲ್ಲೂ ಪಟ್ಟಿ:
ಹಳದಿ ಮೂಗಿನ ಆಲ್ಬಟ್ರಾಸ್,
ಹುಬ್ಬಿನ ಮೇಲೆ ಜುಟ್ಟು ಬಿಟ್ಟ ಪೆಂಗ್ವಿನ್,
ಪಕ್ಕದ ದ್ವೀಪದಲ್ಲಷ್ಟೇ ಇರುವ,
ರೆಕ್ಕೆಯಿದ್ದೂ ಹಾರದ ಪುಟ್ಟ ಕರಿ ಹಕ್ಕಿ.
ಕಂಡದ್ದಕ್ಕೆ ಒಂದೊಂದು ಗೀಟು.
ಗೈಡ್ ಹುಡುಗಿ ಅವರಿಗೆ ನಿಯಮ ಓದುತ್ತಿದ್ದಳು:
ಯಾವ ಪ್ರಾಣಿಯಿಂದಲೂ ಐದು ಮೀಟರ್ ದೂರ ನಿಲ್ಲಿ,
ಅದೇ ನಿಮ್ಮತ್ತ ಬಂದರೆ ಅಲುಗಬೇಡಿ,
ಅದರ ದಾರಿ ಅದಕ್ಕೆ ಬಿಡಿ.
ಬೂಟಿನಡಿಯ ಗೀರಿನಲ್ಲಿ ಸಿಕ್ಕ ಬೀಜವನ್ನು
ಸೂಜಿಯಿಂದ ತೆಗೆಯಿರಿ.
ಮೈಕು ಆರಿಸಲು ಮರೆತಿದ್ದಳು.
ನಾನು ಹೇಳಲಿಲ್ಲ. ಕೇಳಲು ಚೆನ್ನಾಗಿತ್ತು.

ನನ್ನಜ್ಜಿ ಪೆಂಗ್ವಿನ್ ಮೊಟ್ಟೆಯನ್ನು ಬುಟ್ಟಿಗಟ್ಟಲೆ ತರುತ್ತಿದ್ದಳು,
ಜುಟ್ಟಿನ ಗರಿಯಿಂದ ಹಾಸು ಹೊಲಿಯುತ್ತಿದ್ದಳು.
ಐದು ಮೀಟರಿನ ಮಾತು ಅವಳಿಗೆ ಹೇಳುವವರಿರಲಿಲ್ಲ.
ಹಸಿವು ಒಂದು ಮೊಳವೂ ದೂರ ನಿಲ್ಲುತ್ತಿರಲಿಲ್ಲ.
ಊರ ಬೆನ್ನಿಗೇ ಬೆಟ್ಟ ಬಾಯಿಬಿಟ್ಟಾಗ ಮಾತ್ರ
ದೂರ ಎಷ್ಟಿದ್ದರೂ ಸಾಲದೆ
ಎಲ್ಲರೂ ಕಡಲು ದಾಟಿ ಇಂಗ್ಲೆಂಡಿಗೆ ಹೋದರು.
ಎರಡು ವರ್ಷ ಬಸ್ಸಿಗೆ ಕಾದು, ನೆಗಡಿ ಸುರಿಸಿ,
ಸಾಕಪ್ಪಾ ಎಂದು ಬೆಂಕಿಯ ಪಕ್ಕಕ್ಕೇ ಮರಳಿದರು.

ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ:
ನಮ್ಮ ಉಪ್ಪೂ ಕೇಪ್‌ಟೌನಿನಿಂದ ಮೂಟೆಯಲ್ಲಿ ಬರಬೇಕು.
ಸಭಾಭವನದಲ್ಲಿ ಮೇಜು ಹಾಕಿ
ಹೆಣೆದ ಕಾಲುಚೀಲ ಸಾಲಾಗಿ ಇಟ್ಟಿದ್ದೆವು,
ನಲವತ್ತೆಂಟು ಕಪ್ಪು ತೊಳೆದು ಬೋರಲು ಹಾಕಿದ್ದೆವು.

ಮಧ್ಯಾಹ್ನ ಅಲೆ ಅರ್ಧ ಗಂಟೆ ಕಣ್ಮುಚ್ಚಿತು.
ಜನ ಬರುವಷ್ಟಲ್ಲ. ರಬ್ಬರ್ ದೋಣಿಯೊಂದು ಬಂದರಿನ ಬಾಯಿಗೆ ಬಂದು
ಹಗ್ಗಕ್ಕೆ ಚೀಲ ಕಟ್ಟಿ ಎಸೆಯಿತು.
ತಾವು ಬರಲಾಗದವರು ಪಾಸ್‌ಪೋರ್ಟುಗಳನ್ನು ಕಳಿಸಿದ್ದರು.
ಠಪ್, ಠಪ್, ಠಪ್.
ಕಾಲಿಡದೆಯೇ ನಲವತ್ತೆಂಟು ಜನ
ನಮ್ಮೂರಿಗೆ ಬಂದುಹೋದರು.
ಒಂದರ ಪುಟದ ನಡುವೆ ಒಣಗಿದ ಎಲೆ, ಯಾವ ದೇಶದ್ದೋ.
ನಿಯಮದಂತೆ ಸುಡಬೇಕು.
ಮೂಸಿ ನೋಡಿ ಮತ್ತೆ ಅಲ್ಲೇ ಇಟ್ಟೆ.

ಹೊರಗೆ ಬಂದು ಅಪ್ಪನ ಹಿತ್ತಾಳೆ ದುರ್ಬೀನು ಹಿಡಿದರೆ
ಕಟಕಟೆಯ ಬಳಿ ಒಬ್ಬ ನನ್ನನ್ನೇ ನೋಡುತ್ತಿದ್ದಾನೆ,
ಅವನದೂ ದುರ್ಬೀನು.
ಕೆಂಪು ಮೈ, ತುಸು ಹೊಟ್ಟೆ. ಗುಂಪಿನಲ್ಲಿ ವಾಸ.
ನೆಲ ಅಲುಗಿದರೆ ಕಂಬಿ ಹಿಡಿಯುತ್ತದೆ.
ಕೈ ಬೀಸಿದರೆ ಕೈ ಬೀಸುತ್ತದೆ.
ಅಂಚೆಯ ರಸೀದಿಯ ಬೆನ್ನಿಗೆ ಒಂದು ಗೀಟೆಳೆದೆ.
ಅವನೂ ಏನೋ ಬರೆದುಕೊಂಡ.

ರಾತ್ರಿ ಹಡಗು ದೀಪಗಳನ್ನೆಲ್ಲ ಮುಚ್ಚಿತು.
ಬೆಳಕಿಗೆ ಮರುಳಾಗಿ ಕಡಲಹಕ್ಕಿಗಳು ಡೆಕ್ಕಿಗೆ ಬಡಿದು ಬೀಳುತ್ತವೆ.
ಇತ್ತ ಊರೂ ಮಲಗಿತ್ತು.
ಎರಡು ಕತ್ತಲೆಗಳ ನಡುವೆ ರೇಡಿಯೊ ಗುರುಗುಟ್ಟಿತು:
"ದಡದಲ್ಲಿ ಒಂದೇ ಒಂದು ಬೆಳಕು ಕಾಣುತ್ತಿದೆ.
ಅದೇನು, ದೀಪಸ್ತಂಭವೇ?"

ಕಿಟಕಿಯಿಂದ ಬಗ್ಗಿ ನೋಡಿದೆ.
"ಅಲ್ಲ. ಅದು ಕ್ಲೆಮ್.
ನಿಮಗೆಂದು ಮಾಡಿದ ಕೇಕನ್ನು
ಸಭಾಭವನದಲ್ಲಿ ಒಬ್ಬನೇ ಕೂತು ತಿನ್ನುತ್ತಿದ್ದಾನೆ."

ಅತ್ತಣಿಂದ ನಗು. ಆಮೇಲೆ ಬರೀ ಅಲೆಯ ಸದ್ದು,
ಅವರ ಕಡೆಯದೋ ನಮ್ಮ ಕಡೆಯದೋ.
ಬಹಳ ಹೊತ್ತು
ಯಾರೂ ಮೈಕು ಆರಿಸಲಿಲ್ಲ.