ಕೊಕ್ಕೆ ತಕ್ಕಡಿ

ಇನಾಸ್ ಮಾಸ್ತರರಿಗೆ ನನ್ನ ತಕ್ಕಡಿ ಬೇಕಂತೆ.
ಮೀನು ತೂಗುವುದಕ್ಕಲ್ಲ, ಮಗಳ ಪಿಸ್ತೂಲಿನ
ಹೊಟ್ಟೆಯೊಳಗಿನ ಸ್ಪ್ರಿಂಗು ತೂಗುವುದಕ್ಕೆ.
ಸ್ಪ್ರಿಂಗಿಗೂ ತೂಕವೇ ಎಂದು ನಕ್ಕೆ.
ತೂಕವಲ್ಲ ಬಾಯೇ, ಹಟ, ಅಂದರು.
ಎಷ್ಟು ಹಟದಿಂದ ತಿರುಗಿ ನೂಕುತ್ತದೋ ಅಷ್ಟು ಪೌಂಡು.

ನೇವಿಯಲ್ಲಿ ಮೂವತ್ತು ವರ್ಷ ಬಂದೂಕು ಬಿಚ್ಚಿ ಕಟ್ಟಿದ ಕೈ.
ಈಗ ಬಿಣಗಾ ಗುಡ್ಡದ ಬುಡದ ರೇಂಜಿನಲ್ಲಿ
ಉಪ್ಪುಗಾಳಿಗೆ ಎಣ್ಣೆ ಹಚ್ಚುತ್ತ ಕೂತಿದ್ದಾರೆ.

ಬಂಗಡೆ ಕೊಯ್ಯುವ ನನ್ನ ಪಕ್ಕ ಕೂತು
ಸುಲಕ್ಷಣಾ ತಿಳಿಸಿ ಹೇಳಿದಳು:
ಗುಂಡು ಹೊರಟಾಗ ಮೇಲಿನ ಸ್ಲೈಡು ಹಿಂದೆ ಹಾರುತ್ತದೆ ಆಯಿ,
ಸ್ಪ್ರಿಂಗು ಅದನ್ನು ಹಿಡಿದು ಮತ್ತೆ ಮನೆಗೆ ತರುತ್ತದೆ.
ಮೆತ್ತಗಿದ್ದರೆ ಸ್ಲೈಡು ಹೋಗಿ ಧಡ್ಡೆಂದು ಬಡಿಯುತ್ತದೆ,
ಖಾಲಿ ತೋಟೆ ನಾಲ್ಕು ಮಾರು ಆಚೆ.
ಬಿಗಿಯಿದ್ದರೆ ಮರಳುವಾಗ ಮೂತಿ ಕೆಳಗೆ ಕುಟ್ಟುತ್ತದೆ,
ತೋಟೆ ಕಾಲಬುಡದಲ್ಲಿ, ಇಲ್ಲವೇ ಅಲ್ಲೇ ಸಿಕ್ಕಿಕೊಂಡು ನಿಂತು ಮಾನ ಕಳೆಯುತ್ತದೆ.
ನಡುವೆ ಎಲ್ಲೋ ಒಂದಿದೆ,
ನಳಿಗೆಯ ತುದಿಯ ಗುರಿಮೊಳೆ ಎದ್ದು
ಎದ್ದ ಜಾಗಕ್ಕೇ ಬಂದು ಕೂರುವಂಥದ್ದು.

ಅಂಥದೊಂದು ಅವಳಿಗೆ ಸಿಕ್ಕಿತ್ತು,
ಬಣ್ಣದ ಗುರುತು ಅಳಿಸಿಹೋದ ಹಳೆಯ ಸ್ಪ್ರಿಂಗು.
ನನ್ನ ಕೊಕ್ಕೆಯನ್ನು ಸ್ಲೈಡಿಗೆ ಸಿಕ್ಕಿಸಿ ಎಳೆದರೆ
ಐದು ಕಿಲೋ ನಾನೂರು.
ಹನ್ನೆರಡು ಪೌಂಡು, ಎಂದು ಮಾಸ್ತರರು
ಗೋಡೆಗೆ ಸೀಮೆಸುಣ್ಣದಲ್ಲಿ ಬರೆದರು.
ಹಳತು ಎಷ್ಟು ದಿನ ಬಾಳೀತು?
ಪುಣೆಯಿಂದ ಹನ್ನೆರಡರದೇ ಹೊಸ ಮೂರು ತರಿಸಿದರು.

ಹೊಸದು ಹಾಕಿದ ದಿನದಿಂದ ಎರಡನೆಯ ಗುಂಡು ಕೆಳಗೆ.
ಒಂದು ತಿಂಗಳು ಅವಳ ಮಣಿಕಟ್ಟಿಗೆ ಬೈಗುಳ.
ಬಿಗಿ ಹಿಡಿ, ಸಡಿಲ ಹಿಡಿ, ಉಸಿರು ಬಿಡು, ಮೊಬೈಲು ಬಿಡು.
ರಾತ್ರಿ ಅಡುಗೆಮನೆಯಲ್ಲಿ ನೀರು ತುಂಬಿದ ತಂಬಿಗೆ ಚಾಚಿ
ತೋಳು ನಡುಗುವ ತನಕ ನಿಲ್ಲುತ್ತಿದ್ದಳು.
ನಾನು ನೋಡಿಯೂ ನೋಡದ ಹಾಗೆ ಅಕ್ಕಿ ಆರಿಸುತ್ತಿದ್ದೆ.

ಬಲೆ ಖಾಲಿ ಬಂದ ಒಂದು ದಿನ ರೇಂಜಿಗೆ ಹೋದೆ.
ಎರಡೂ ಕೊಡಿ ಎಂದೆ, ಹಳತು, ಹೊಸತು.
ಹೆಬ್ಬೆರಳಿನಡಿ ಒತ್ತಿದೆ, ಒಂದೊಂದಾಗಿ, ಕಣ್ಣು ಮುಚ್ಚಿ.
ಮೀನಿನ ಹೊಟ್ಟೆ ಒತ್ತಿ
ನಿನ್ನೆಯದೋ ಇಂದಿನದೋ ಹೇಳುವ ಬೆರಳು.
ಇವು ಒಂದಲ್ಲ ಮಾಸ್ತರ.

ಹೊಸದನ್ನೂ ಕೊಕ್ಕೆ ಹಾಕಿ ಎಳೆದರು. ಹದಿಮೂರಕ್ಕೆ ಹತ್ತಿರ.
ಪುಣೆಯವ ಕಳ್ಳ! ಎಂದು ಮೇಜು ಗುದ್ದಿದರು.
ಸುಲಕ್ಷಣಾ ಮಾತಾಡಲಿಲ್ಲ. ಎದ್ದು ಹೋಗಿ
ಬೈತಖೋಲದ ರೇಷನ್ ಅಂಗಡಿಯಿಂದ
ಸರಕಾರದ ಮೊಹರಿನ ಐದು ಕಿಲೋ ಬಟ್ಟು ತಂದಳು,
ಕೊಕ್ಕೆಗೆ ಹಾಕಿದಳು.
ಮುಳ್ಳು ಇಳಿಯಿತು, ಐದು ದಾಟಿತು,
ನಾನೂರರ ಹತ್ತಿರ ಹೋಗಿ ನಿಂತಿತು.

ಯಾರೂ ನನ್ನ ಮುಖ ನೋಡಲಿಲ್ಲ.

ಅಂದರೆ ಹಳತು ಹನ್ನೊಂದು, ಎಂದರು ಮಾಸ್ತರರು ಮೆಲ್ಲಗೆ.
ಗೋಡೆಯದನ್ನು ಅಂಗೈಯಲ್ಲೇ ಒರೆಸಿದರು.
ನಿನ್ನ ಕೈ ಸರಿಯಿತ್ತು ಮಗಾ.
ಸ್ಪ್ರಿಂಗು ದಣಿಯುತ್ತದೆ ಬಾಯೇ,
ಮೂರು ಸಾವಿರ ಗುಂಡಾದರೆ ನಾವು ಎಸೆದುಬಿಡುತ್ತೇವೆ.

ನನ್ನದು?
ದಿನಕ್ಕೆ ನಲವತ್ತು ಗಿರಾಕಿ, ಹದಿನೇಳು ವರ್ಷ.
ದಣಿದದ್ದು ಹೆಚ್ಚು ಜೋಲುತ್ತದೆ,
ಹೆಚ್ಚು ಜೋತರೆ ಹೆಚ್ಚು ತೂಕ,
ಕಡಿಮೆ ಮೀನಿಗೆ ಪೂರಾ ದುಡ್ಡು.
ಕೋಡಿಬಾಗದ ಟೀಚರಬಾಯಿ ಒಮ್ಮೆ ಅಂದಿದ್ದಳು,
ಮನೆ ಮುಟ್ಟುವುದರೊಳಗೆ ನಿನ್ನ ಇಸ್ವಾಣ ಸಣ್ಣದಾಗುತ್ತದಲ್ಲೇ.
ಇಡೀ ಮಾರ್ಕೆಟ್ಟು ಕೇಳುವಂತೆ
ಅವಳ ಜನ್ಮ ಜಾಲಾಡಿದ್ದೆ.

ಹೊರಗೆ ಮಗಳು ಹನ್ನೊಂದು ಹಾಕಿ ಹೊಡೆಯುತ್ತಿದ್ದಳು.
ಐದು ಸದ್ದು. ತೋಟೆಗಳು ಸಿಮೆಂಟಿನ ಮೇಲೆ
ಒಂದು ಬುಟ್ಟಿಯಗಲದ ಜಾಗದಲ್ಲಿ ಬಿದ್ದವು.
ಹೆಕ್ಕಿ ಮಡಿಲಿಗೆ ಹಾಕಿಕೊಂಡೆ, ಇನ್ನೂ ಬಿಸಿಯಿದ್ದವು.

ಟೀಚರಬಾಯಿ ಬುಧವಾರ ಬರುತ್ತಾಳೆ.
ಹೊಸ ತಕ್ಕಡಿ ಹೊಳೆಯುತ್ತದೆ, ಕೇಳಿಯೇ ಕೇಳುತ್ತಾಳೆ.
ಎರಡು ಬಂಗಡೆ ಹೆಚ್ಚಿಗೆ ಹಾಕಬಹುದು.
ಅದನ್ನೂ ಅವಳು
ಕಿವಿರು ಎತ್ತಿ ನೋಡುತ್ತಾಳೆ, ನನಗೆ ಗೊತ್ತು.