ನೀಲಿ, ಕೆಂಪು

ಕಿಡ್ನಿಯಲ್ಲಿ ಕಲ್ಲು, ಎಂದಳು ಡಾಕ್ಟರ್ ನರ್ಮೀನ್
ಪರದೆಗೆ ಬೆರಳಿಟ್ಟು. ಜೋಳದ ಕಾಳಿನಷ್ಟು.
ನನಗೆ ಕಂಡದ್ದು ಬರೀ ಮಂಜು.
ದಿನಕ್ಕೆ ಮೂರು ಲೀಟರ್ ನೀರು, ಎಂದು ಬರೆದಳು,
ಮಾತ್ರೆ ಬರೆದ ಹಾಗೇ, ಕೆಳಗೊಂದು ಗೆರೆ ಎಳೆದು.

ಅವಳಿಗೇನು ಗೊತ್ತು, ನಾನು ಕೂರುವುದು
ಹಿದ್‌ನ ಹೊಸ ಕಟ್ಟಡದ ನೆತ್ತಿಗಿಂತ ಮೇಲೆ,
ಕ್ರೇನಿನ ಗಾಜಿನ ಗೂಡಿನಲ್ಲಿ.
ಏಣಿ ಹತ್ತಲು ಹದಿನೈದು ನಿಮಿಷ, ಇಳಿಯಲು ಹನ್ನೆರಡು,
ಕೊಕ್ಕೆಗಾಗಿ ಕೆಳಗೆ ಕಾಯುವ ಹನ್ನೊಂದು ಜನ.
ಮೇಲೆ ಕುಡಿದದ್ದು ಕುಡಿದಲ್ಲೇ ಇರುವುದಿಲ್ಲ, ಡಾಕ್ಟರೇ.
ಹೇಳಲು ನಾಚಿಕೆಯಾಯಿತು.
ತೋರಣಗಲ್ಲಿನಲ್ಲಿ ಕ್ರೇನು ಕಲಿತೆ. ಇಲ್ಲಿ ಕಲಿತದ್ದು
ಬಾಯಾರಿಕೆಯನ್ನು ಸಂಜೆ ಐದಕ್ಕೆ ಮುಂದೂಡುವುದು.

ಶುಕ್ರವಾರ, ಮುಹರಕ್‌ನ ಅಂಗಡಿ.
ಗೋಡೆಯುದ್ದಕ್ಕೂ ಬಾಟ್ಲಿ.
ಸ್ಟೀಲಿನದು ಹನ್ನೆರಡು ತಾಸು ತಣ್ಣಗಿಡುತ್ತದಂತೆ;
ಖಾಲಿಯಿದ್ದಾಗಲೇ ಅರ್ಧ ಕಿಲೋ.
ಸೊಂಟಕ್ಕೆ ಕಟ್ಟಿ ಹತ್ತುವವನಿಗೆ ಗೊತ್ತು,
ಅರ್ಧ ಕಿಲೋ ಇನ್ನೂರನೇ ಮೆಟ್ಟಿಲಿಗೆ ಎಮ್ಮೆಕರು.
ಗಾಜಿನದು ಚೆಂದ. ಜಾರಿದರೆ ಯಾರ ತಲೆಯೋ.
ಇನ್ನೊಂದರ ಮೈತುಂಬ ಗಂಟೆಗೊಂದು ಗೆರೆ,
‘ಭೇಷ್! ಇನ್ನೂ ಸ್ವಲ್ಪ!’ ಎಂದು ಅಚ್ಚೊತ್ತಿದೆ.
ನನಗೆ ಇರುವ ಫೋರ್ಮನ್ ಒಬ್ಬನೇ ಸಾಕು.

ಜೊತೆಗೆ ಇದಿನಬ್ಬ. ಕೆಳಗಿನ ರಿಗ್ಗರ್,
ದಿನವಿಡೀ ವಾಕಿಟಾಕಿಯಿಂದ ನನ್ನ ಕಿವಿಯಲ್ಲೇ ಇರುವವನು.
‘ಚಿನ್ನ ಕೊಳ್ಳುವವರೂ ಇಷ್ಟು ಹೊತ್ತು ನಿಲ್ಲುವುದಿಲ್ಲ ಮಾರಾಯ!’
ನಾನು ನೋಡುತ್ತಿದ್ದದ್ದು ಬಾಟ್ಲಿಯ ಬಾಯಿ,
ಎಷ್ಟು ಅಗಲ ಎಂದು.
ಅವನಿಗೆ ತಿಳಿಯಿತು. ನಗಲಿಲ್ಲ.
ತುದಿಯ ಕಪಾಟಿನಿಂದ ಎರಡು ತಂದ,
ಹಗುರ ಪ್ಲಾಸ್ಟಿಕ್ಕು, ತೂಗುಹಾಕಲು ಕೊಂಡಿ:
ನೀಲಿಯದಕ್ಕೆ ಕಿರಿಬಾಯಿ, ಕೆಂಪಿನದಕ್ಕೆ ಅಗಲ.
‘ಬಣ್ಣ ಮಾತ್ರ ಮರೆಯಬೇಡ,’ ಎಂದ, ‘ಅವಸರದಲ್ಲಿ.’

ಹೊರಗೆ ಕಟ್ಟೆಯ ಮೇಲೆ ಹಾಜಿ ಮರ್ಹೂನ್
ಬಾಟ್ಲಿ ಎರಡನ್ನೂ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ.
ಮುರುಕು ಹಿಂದಿಯಲ್ಲಿ ಅವನ ಅಜ್ಜನ ಸುದ್ದಿ:
ಮುತ್ತಿನ ದೋಣಿಯಿಂದ, ಕಾಲಿಗೆ ಕಲ್ಲು ಕಟ್ಟಿಕೊಂಡು,
ತೊಗಲಿನ ಚೀಲ ಹಿಡಿದು ಮುಳುಗುತ್ತಿದ್ದನಂತೆ.
ಉಪ್ಪು ಸಮುದ್ರದ ತಳದಲ್ಲಿ ಸಿಹಿನೀರಿನ ಬುಗ್ಗೆ.
ಅಲ್ಲೇ ತುಂಬಿ, ಅಲ್ಲೇ ಕಟ್ಟಿ, ಮೇಲೆ ಬರಬೇಕು.
‘ಚೀಲದ ಬಾಯಿ ಕಟ್ಟುವುದೇ ವಿದ್ಯೆ.
ಗುಟುಕು ಉಪ್ಪು ಸೇರಿದರೆ ಇಡೀ ದೋಣಿ ಬೈಯುತ್ತಿತ್ತು.’
ಈಗ ಬುಗ್ಗೆ ಬತ್ತಿದೆ. ಕಡಲನ್ನೇ ಸೋಸಿ ಕುಡಿಯುತ್ತೇವೆ, ಎಂದ.

ಬಾಯಿ ಕಟ್ಟುವುದು.
ಹೊಟ್ಟೆ ಬಾಯಿ ಕಟ್ಟಿ ಕಳಿಸಿದ ದುಡ್ಡಿನ ಲೆಕ್ಕ
ಅವ್ವನ ಪಾಸ್‌ಬುಕ್ಕಿನಲ್ಲಿದೆ;
ಕಟ್ಟಿದ ಬಾಯಿಯದು ನರ್ಮೀನಳ ಪರದೆಯಲ್ಲಿ,
ಜೋಳದ ಕಾಳಿನಷ್ಟು.

ಶನಿವಾರ. ಬಿಸಿಲಿಗೆ ಗೂಡು ಕಾದಿತ್ತು.
ಏಳಕ್ಕೇ ಮೊದಲ ಗುಟುಕು; ಏನೋ ಕದ್ದು ತಿಂದಂತೆ.
ಎಂಟಕ್ಕೆ ಕಬ್ಬಿಣದ ಹೊರೆ, ಒಂಬತ್ತಕ್ಕೆ ಕಾಂಕ್ರೀಟು.
‘ಎಡಕ್ಕೆ, ಎಡಕ್ಕೆ, ನಿಲ್ಲಿಸು. ಕುಡಿದೆಯಾ?’
‘ನೀಲಿ ಅರ್ಧ.’
ಹತ್ತೂವರೆಗೆ ನಾನೇ ಗುಂಡಿ ಒತ್ತಿದೆ:
‘ಇದಿನಬ್ಬ, ಎರಡು ನಿಮಿಷ.’
‘ಕೆಂಪಾ?’
‘ಕೆಂಪು.’
ಕೊಕ್ಕೆ ಗಾಳಿಯಲ್ಲಿ ನಿಂತಿತು.
ಕೆಳಗೆ ಅವನೇನು ಹೇಳಿದನೋ ತಿಳಿಯದು,
ಹನ್ನೊಂದು ಹಳದಿ ಹೆಲ್ಮೆಟ್ಟು ಒಟ್ಟಿಗೇ
ಕಡಲಿನ ಕಡೆಗೆ ತಿರುಗಿದವು.